ಎದುರುಮನೆಯ ಕಾರ್ಡ್‌ಲೆಸ್

ಭಾಂಡುಪಿನ ನಮ್ಮ ಹಳೆಯ ಬಿಲ್ಡಿಂಗಿನಿಂದ ಹೋದ ವಾರ ಫೋನ್ ಬಂತು. ಎದುರುಮನೆಯಾಕೆ ತೀರಿಕೊಂಡಳಂತೆ. ಸುದ್ದಿ ಹೇಳಿದವಳು ಕೆಳಗಿನ ಮಾಳಿಗೆಯ ಮರಾಠಿ ಹೆಂಗಸು. ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಇಡೀ ಬಿಲ್ಡಿಂಗ್ ಅಳುತ್ತಿದೆ ಎಂದಳು. ಫೋನ್ ಇಟ್ಟ ಮೇಲೆ ನನಗೆ ಮೊದಲು ಹೊಳೆದದ್ದು, ನಾನು ಸತ್ತಾಗ ಆ ಬಿಲ್ಡಿಂಗಿನಲ್ಲಿ ಯಾರಾದರೂ ಅಳುತ್ತಾರೆಯೇ ಎಂಬ ಪ್ರಶ್ನೆ. ಆಮೇಲೆ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಆಕೆಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಹೇಳಲಾರೆ.

ಆಕೆಯ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಬರಹದಲ್ಲೂ ಆಕೆಯ ಹೆಸರೇ ಮೆರೆಯುತ್ತದೆ. ಇಷ್ಟು ವರ್ಷ ಮೆರೆದದ್ದು ಸಾಕು.

ಆಕೆ ಬರುವ ಮೊದಲು ನಮ್ಮ ಮಾಳಿಗೆಯಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕಪ್ಪು ಬಿಳುಪಿನದು. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಸರಿಸುವ ಬಾಗಿಲು, ಬಾಗಿಲಿಗೊಂದು ಬೀಗ. ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ. ಭಾನುವಾರ ಸಂಜೆ ಸಿನಿಮಾ ಹೊತ್ತಿಗೆ ಮಾಳಿಗೆಯ ಜನರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ನಾನು ನಿಧಾನವಾಗಿ ಒಲೆ ಆರಿಸಿ, ಕೈ ತೊಳೆದು, ಎಲ್ಲರೂ ನೋಡುತ್ತಿರುವಾಗ ಬೀಗ ತೆಗೆಯುತ್ತಿದ್ದೆ. ಧಾರವಾಡದಿಂದ ಮದುವೆಯಾಗಿ ಬಂದು, ಯಾರ ಪರಿಚಯವೂ ಇಲ್ಲದೆ ಗ್ಯಾಲರಿಯಲ್ಲಿ ನಿಂತು ಲೋಕಲ್ ರೈಲುಗಳನ್ನು ನೋಡಿ ಹೊತ್ತು ಕಳೆದವಳು ನಾನು. ಆ ಭಾನುವಾರಗಳಲ್ಲಿ ನನಗೊಂದು ಸ್ಥಾನ ಸಿಕ್ಕಿತ್ತು.

ಅಂಥ ಹೊತ್ತಿನಲ್ಲಿ ಎದುರಿನ ಖಾಲಿ ಫ್ಲ್ಯಾಟಿಗೆ ಆಕೆ ಬಂದಳು. ಮೈಸೂರಿನವಳು. ಗಂಡ ಹಡಗಿನಲ್ಲಿ ಇಂಜಿನಿಯರ್. ವರ್ಷದಲ್ಲಿ ಹೆಚ್ಚು ದಿನ ಸಮುದ್ರದ ಮೇಲೆ. ಮಕ್ಕಳಿರಲಿಲ್ಲ. ಎತ್ತರದ ಆಳು, ದೊಡ್ಡ ದನಿ, ಮನೆಗೆಲಸದಲ್ಲಿ ಯಾವಾಗಲೂ ಒಂದು ಕೈ ಒದ್ದೆ. ಗಂಡ ಬಂದಾಗಲೆಲ್ಲ ಜೊತೆಗೊಂದು ದೊಡ್ಡ ರಟ್ಟಿನ ಪೆಟ್ಟಿಗೆ ಬರುತ್ತಿತ್ತು. ಮೊದಲು ಬಂದದ್ದು ಕಲರ್ ಟಿವಿ. ಅದೂ ರಿಮೋಟ್ ಇದ್ದದ್ದು.

ಮುಂದಿನ ಭಾನುವಾರ ನಾನು ಒಲೆ ಆರಿಸಿ, ಕೈ ತೊಳೆದು ಹೊರಗೆ ಬಂದರೆ ನಮ್ಮ ಹಾಲ್‌ನಲ್ಲಿ ನನ್ನ ಗಂಡ ಒಬ್ಬರೇ ಕೂತಿದ್ದರು. ಅವರೂ ಎದುರಿನ ಬಾಗಿಲ ಕಡೆ ಕತ್ತು ಹೊರಳಿಸಿದ್ದರು. ನನ್ನ ಮಗ ತನ್ನ ಪುಟ್ಟ ಮಣೆಯನ್ನು ಎತ್ತಿಕೊಂಡು ಆಗಲೇ ಆ ಮನೆಗೆ ಹೋಗಿಯಾಗಿತ್ತು. ಕರೆಯಲು ಹೋದೆ. "ಮಮ್ಮಿ, ಆಂಟಿ ಕೆ ಘರ್ ಮೆ ಕಲರ್ ಹೈ ನಾ" ಎಂದು ನನಗೇ ತಿಳಿಹೇಳಿದ.

ಆಕೆ ಎದ್ದು ಬಂದು ನನ್ನ ಕೈ ಹಿಡಿದಳು. "ಅಯ್ಯೋ ಬನ್ನಿ, ಒಳಗ್ ಬನ್ನಿ. ಇಲ್ಲೇ ಮುಂದೆ ಕೂತ್ಕೊಳ್ಳಿ. ತಗೊಳ್ಳಿ, ರಿಮೋಟ್ ನೀವೇ ಇಟ್ಕೊಳ್ಳಿ."

ನನಗೆ ಮೈಯೆಲ್ಲ ಉರಿಯಿತು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಬಂದುಬಿಟ್ಟೆ.

ವಸ್ತುಗಳ ವಿಷಯದಲ್ಲಿ ಆಕೆಗೆ ಭಯಭಕ್ತಿ ಎರಡೂ ಇರಲಿಲ್ಲ. ನಮ್ಮ ಕಡೆ ಹೊಸ ಸಾಮಾನು ಬಂದರೆ ಕುಂಕುಮ ಹಚ್ಚುತ್ತೇವೆ, ಪ್ಲಾಸ್ಟಿಕ್ ತೆಗೆಯದೆ ಇಡುತ್ತೇವೆ, ಮೇಲೆ ಕ್ರೋಶಾ ಹೆಣೆದ ಹೊದಿಕೆ ಹಾಕುತ್ತೇವೆ. ನಮ್ಮ ಮನೆಯ ಮಿಕ್ಸರಿಗೂ ನಾನು ಹೊದಿಕೆ ಹೆಣೆದಿದ್ದೆ. ಆಕೆ ಮಾತ್ರ ಅರಿಸಿನದ ಕೈಯಲ್ಲೇ ರಿಮೋಟ್ ಒತ್ತುವವಳು. ಆ ಗುಂಡಿಗಳ ಮೇಲಿನ ಅಂಕಿಗಳೆಲ್ಲ ಹಳದಿಯಾಗಿ, ಕೊನೆಗೆ ಅಳಿಸಿಹೋಗಿದ್ದವು. ಮಕ್ಕಳಿರಲಿ, ಕಸ ಒಯ್ಯುವ ಹೆಂಗಸಿರಲಿ, ಯಾರು ಬೆರಗಾಗಿ ನಿಂತರೂ ಅವರ ಕೈಗೆ ಕೊಟ್ಟು, "ಒತ್ತಿ ನೋಡಿ, ಏನಾಗತ್ತೆ? ಟೆನ್ಶನ್ ಮತ್ ಲೋ" ಎನ್ನುವಳು. ಅದು ಆಕೆಯ ಮಂತ್ರ. ಒಂದು ಸಲವಾದರೂ ಏನಾದರೂ ಕೆಟ್ಟುಹೋಗಲಿ ಎಂದು ನಾನು ಕಾದೆ. ನಮ್ಮ ಮನೆಯಲ್ಲಿ ಹೊದಿಕೆಯೊಳಗಿದ್ದದ್ದೇ ಕೆಡುತ್ತಿತ್ತು, ಆಕೆಯದು ಏನೂ ಕೆಡುತ್ತಿರಲಿಲ್ಲ.

ಮರುವರ್ಷದ ಪೆಟ್ಟಿಗೆಯಲ್ಲಿ ವಿಸಿಆರ್ ಬಂತು. ಆಗ ಆಕೆಗೊಂದು ಹುಚ್ಚು ಹತ್ತಿತು. ಅಷ್ಟು ಜನ ಒಂದು ಹಾಲ್‌ನಲ್ಲಿ ಬೆವರುತ್ತ ಕೂರುವುದೇಕೆ ಎಂದು ತನ್ನ ವಿಸಿಆರಿನಿಂದ ಮಾಳಿಗೆಯ ಎಲ್ಲ ಮನೆಗಳಿಗೂ ಕೇಬಲ್ ಎಳೆಸಿದಳು. ಅಷ್ಟರಲ್ಲಿ ಎಲ್ಲರ ಮನೆಯಲ್ಲೂ ಒಂದೊಂದು ಟಿವಿ ಬಂದಿತ್ತು. ವಯರು ಕಾರಿಡಾರಿನ ಗೋಡೆಗುಂಟ ಹಾದು, ಎಲ್ಲರ ಕಿಟಕಿಯೊಳಗೆ ನುಗ್ಗಿತು. ನಮ್ಮ ಮನೆಗೆ ಬೇಡವೆಂದೆ. ನನ್ನ ಗಂಡ, "ಪುಕ್ಕಟ ಬರೂದಕ್ಕ ಯಾಕ ಬ್ಯಾಡ ಅಂತೀ? ನೀ ನೋಡಬ್ಯಾಡ, ನಾವು ನೋಡ್ತೀವಿ" ಎಂದು ತಾವೇ ಕಿಟಕಿಗೆ ತೂತು ಕೊರೆದರು.

ಅಂದಿನಿಂದ ಆಕೆ ನೋಡಿದ್ದನ್ನೇ ನಾವೆಲ್ಲ ನೋಡಬೇಕಾಯಿತು. ಆಕೆಯ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಆಕೆ ಗುಂಡಿ ಒತ್ತಿ ಒಳಗೆ ಹೋಗುವಳು. ಮಾಳಿಗೆಯ ಎಲ್ಲ ಮನೆಗಳಲ್ಲೂ ನಾಯಕ ಕೈ ಎತ್ತಿದವನು ಎತ್ತಿದಂತೆಯೇ ನಿಲ್ಲುವನು. ಆಕೆಗೆ ಅಳು ಬರಿಸಿದ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕುವಳು. ಎಲ್ಲ ಮನೆಗಳಲ್ಲೂ ಸಿನಿಮಾದ ತಾಯಿ ಮತ್ತೊಮ್ಮೆ ಸಾಯುವಳು. ಕಾರಿಡಾರಿನ ಆ ತುದಿಯಿಂದ ಈ ತುದಿಯವರೆಗೆ ಮೂಗು ಸೇದುವ ಸದ್ದು ಒಟ್ಟಿಗೇ ಕೇಳಿಸುತ್ತಿತ್ತು. ನಾನು ಅಡಿಗೆಮನೆಯಲ್ಲಿ ನಿಂತು ಅಳು ತಡೆದುಕೊಳ್ಳುತ್ತಿದ್ದೆ. ಆಕೆ ಹೇಳಿದಾಗ ಅಳಲು ನಾನೇನು ಆಕೆಯ ಆಳೇ?

ಹೀಗೆ ನನ್ನ ಭಾನುವಾರ ಹೋಯಿತು, ಮಗ ಹೋದ, ಗಂಡನೂ ಅರ್ಧ ಹೋದರು. ಇದನ್ನೆಲ್ಲ ಹೇಗೋ ಸಹಿಸಿಕೊಂಡೆ. ಆದರೆ ಆಮೇಲೆ ಬಂದ ಕಾರ್ಡ್‌ಲೆಸ್ ಫೋನು ನನ್ನ ಅವ್ವನನ್ನೂ ಆಕೆಯ ಬಳಿಗೆ ಒಯ್ದಿತು. ಅದನ್ನು ಸಹಿಸುವುದು ಹೇಗೆ?

ಆ ಫೋನು ಬಂದಾಗ ಬಿಲ್ಡಿಂಗಿನಲ್ಲಿ ಹಲವರ ಮನೆಗೆ ವಯರಿನ ಫೋನೇ ಇನ್ನೂ ಬಂದಿರಲಿಲ್ಲ. ಆಕೆ ಅದರ ಉದ್ದನೆಯ ಕಡ್ಡಿಯನ್ನು ಎಳೆದು, ಹೆಗಲು ಕಿವಿಗಳ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬಟ್ಟೆ ಹಿಂಡುತ್ತ ಮಾತಾಡುತ್ತಿದ್ದಳು. ಮಾತಾಡುತ್ತಲೇ ಮೆಟ್ಟಿಲಿಳಿದು ತರಕಾರಿ ಗಾಡಿಯ ತನಕ ಹೋಗುತ್ತಿದ್ದಳು. ಹೆಚ್ಚು ದೂರವಾಗಿ ಫೋನು ಗೊರಗೊರ ಎಂದರೆ, "ರೀ, ಒಂದ್ನಿಮಿಷ, ಮೆಟ್ಲು ಹತ್ತಿ ಬರ್ತೀನಿ" ಎಂದು ಯಾವುದೋ ದೇಶದ ಬಂದರಿನಲ್ಲಿ ನಿಂತ ಗಂಡನನ್ನು ಕಾಯಿಸುತ್ತಿದ್ದಳು. ಗ್ಯಾಲರಿಗಳಲ್ಲಿ ಹೆಂಗಸರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ನಾನು ಪರದೆಯ ಹಿಂದಿನಿಂದ ನೋಡುತ್ತಿದ್ದೆ.

ಅರ್ಜಿ ಹಾಕಿ ಮರೆತೇಬಿಟ್ಟಿದ್ದ ಫೋನು ನಮಗೂ ಕೊನೆಗೆ ಬಂತು. ಇಲಾಖೆಯವರು ಕೊಟ್ಟ ಕರಿಯ ಫೋನು ಸಾಕೆಂದರು ಗಂಡ. ನಾನು ಬಿಡಲಿಲ್ಲ. ಆಕೆಯದೇ ಥರದ್ದು ಬೇಕು, ಅದೇ ಕಂಪನಿಯದು, ಅದೇ ಬಣ್ಣದ್ದು, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಬಾರದು ಎಂದು ಹಟ ಹಿಡಿದೆ. ಪಾಪ, ಅವರು ಅಂಧೇರಿಯ ಆಫೀಸಿನಿಂದ ಮರಳುವಾಗ ಪರದೇಶದ ಮಾಲು ಮಾರುವ ಅಂಗಡಿಗಳನ್ನೆಲ್ಲ ಸುತ್ತಿ ಥೇಟ್ ಅದನ್ನೇ ಹುಡುಕಿ ತಂದರು. ನಾನು ಅದಕ್ಕೆ ಹೊದಿಕೆ ಹೆಣೆದು, ಮಗ ಮುಟ್ಟಬಾರದೆಂದು ಶೋಕೇಸಿನ ಗಾಜಿನ ಬಾಗಿಲೊಳಗೆ ಇಟ್ಟೆ.

ಥೇಟ್ ಅದನ್ನೇ ತಂದದ್ದರ ಫಲ ಮೊದಲ ದಿನವೇ ತಿಳಿಯಿತು. ನಮ್ಮ ಫೋನು ಬಡಿದುಕೊಂಡರೆ ಎದುರುಮನೆಯ ಹ್ಯಾಂಡ್‌ಸೆಟ್ಟೂ ಬಡಿದುಕೊಳ್ಳುತ್ತಿತ್ತು. ಅವರದು ಬಡಿದುಕೊಂಡರೆ ನಮ್ಮದೂ. ಯಾರು ಮೊದಲು ಗುಂಡಿ ಒತ್ತುತ್ತಾರೋ ಮೊದಲ ಮಾತು ಅವರದು. ನೋಡಲು ಬಂದ ಮೆಕ್ಯಾನಿಕ್ ನಕ್ಕುಬಿಟ್ಟ. "ದೋನೋ ಕಾ ಚಾನಲ್ ಏಕ್ ಹೈ, ಬಾಯಿ. ಏಕ್ ಸೆಟ್ ಬದಲ್ ದೋ." ಎರಡಕ್ಕೂ ಒಂದೇ ಚಾನಲ್ಲಂತೆ, ಒಂದನ್ನು ಬದಲಿಸಬೇಕಂತೆ. ಬದಲಿಸಬೇಕಾದವಳು ಆಕೆ ಎಂದು ನಾನು. ಆಕೆಗೆ ಅದೊಂದು ತೊಂದರೆ ಎಂದೇ ಅನಿಸಲಿಲ್ಲ. "ಇರ್ಲಿ ಬಿಡ್ರಿ, ಚೆನ್ನಾಗಿದೆ. ನೀವು ಸ್ನಾನಕ್ಕೆ ಹೋದ್ರೆ ನಾನ್ ಎತ್ತುತ್ತೀನಿ, ನಾನ್ ಹೋದ್ರೆ ನೀವ್ ಎತ್ತಿ."

ನಾನು ಎತ್ತುವುದೆಲ್ಲಿ ಬಂತು? ಆಕೆಯ ಹ್ಯಾಂಡ್‌ಸೆಟ್ ಸೊಂಟದಲ್ಲಿ, ನನ್ನದು ಗಾಜಿನ ಬಾಗಿಲೊಳಗೆ, ಹೊದಿಕೆಯೊಳಗೆ. ನಾನು ಶೋಕೇಸ್ ತೆಗೆದು, ಗಂಟು ಬಿಚ್ಚಿ ಕಿವಿಗಿಡುವಷ್ಟರಲ್ಲಿ ಅಲ್ಲಿ ಮಾತು ಅರ್ಧ ಮುಗಿದಿರುತ್ತಿತ್ತು.

ಅವ್ವ ಧಾರವಾಡದಲ್ಲಿ ಅಣ್ಣ ಅತ್ತಿಗೆಯರ ಮನೆಯಲ್ಲಿದ್ದಳು. ಮನೆಯ ಎದುರಿಗೇ ಹೊಸದಾಗಿ ಎಸ್‌ಟಿಡಿ ಬೂತ್ ಆಗಿತ್ತು. ಭಾನುವಾರ ಊಟವಾದ ಮೇಲೆ ಅಲ್ಲಿಗೆ ಹೋಗಿ ನಮಗೆ ಫೋನ್ ಮಾಡುತ್ತಿದ್ದಳು. ನನ್ನ ವಾರವೆಲ್ಲ ಆ ಫೋನಿಗಾಗಿ ಕಾಯುವುದರಲ್ಲೇ ಹೋಗುತ್ತಿತ್ತು. ಆದರೆ ಮೊದಲ 'ಹಲೋ' ಯಾವಾಗಲೂ ಎದುರುಮನೆಯಾಕೆಯದು. ನಾನು ಹೊದಿಕೆ ಬಿಚ್ಚಿ ಸೇರಿಕೊಳ್ಳುವಾಗ ಗೊರಗೊರ ಸದ್ದಿನ ನಡುವೆ ಅವ್ವನ ನಗು ಕೇಳುತ್ತಿತ್ತು. ಅವ್ವ ನಗುವವಳೇ ಅಲ್ಲ. ನಾನು "ಅವ್ವಾ" ಎಂದ ಕೂಡಲೇ ಆಕೆ, "ತಗೊಳ್ಳಿ ಅಮ್ಮ, ಬಂದ್ರು ನಿಮ್ಮ ಮಗಳು" ಎಂದು ಮರ್ಯಾದೆಯಿಂದ ಸರಿದುಕೊಳ್ಳುತ್ತಿದ್ದಳು. ನನ್ನ ಅವ್ವನನ್ನು ನನಗೆ ಆಕೆ ಕೊಡಬೇಕು!

ಆಮೇಲೆ ನಮ್ಮಿಬ್ಬರ ಮಾತು ನಡೆಯುವ ಬಗೆ ಬೇರೆ. ಬೂತಿನ ಮೀಟರ್ ಓಡುತ್ತಿರುತ್ತದೆಂದು ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ಅವ್ವಾ, ಆರಾಮ ಇದ್ದೀ?"

"ಆರಾಮ ಇದ್ದೀನಿ."

"ಅಣ್ಣ, ವೈನಿ ಎಲ್ಲಾರೂ ಆರಾಮ?"

"ಎಲ್ಲಾರೂ ಆರಾಮ."

"ಹಂಗಾರ ಫೋನ್ ಇಡಲಿ? ಮೀಟರ್ ಓಡ್ತದ."

"ಇಡವಾ."

ಬಾಗಿಲು ತೆರೆದರೆ ಎದುರಿಗೆ ಆಕೆ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತ, "ನಿಮ್ಮಮ್ಮ ಇವತ್ತು ಪುಂಡಿಪಲ್ಯ ಮಾಡಿದ್ರಂತೆ, ಎಷ್ಟು ಚೆನ್ನಾಗ್ ಹೇಳ್ತಾರ್ರೀ!" ಎನ್ನುವಳು. ಪುಂಡಿಪಲ್ಯ ಎಂದರೆ ಏನೆಂದು ಗೊತ್ತಿಲ್ಲದ ಮೈಸೂರಿನವಳಿಗೆ ಅದನ್ನು ಅವ್ವ ಸೊಪ್ಪು ಬಿಡಿಸುವುದರಿಂದ ಹಿಡಿದು ಹೇಳಿಕೊಟ್ಟಿದ್ದಳು. ನನಗೆ ಮಾತ್ರ "ಆರಾಮ". ಅವರಿಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹಡಗಿನಲ್ಲಿ ಗಂಡ, ಕೈತುಂಬ ಸಾಮಾನು, ಮಾಳಿಗೆಯ ಜನರೆಲ್ಲರ ಪ್ರೀತಿ, ಇಷ್ಟಿದ್ದವಳಿಗೆ ನನ್ನ ಅವ್ವನ ಮಾತೂ ಬೇಕಿತ್ತೇ? ಆ ರಾತ್ರಿಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಭಾನುವಾರ ನಾನು ಶೋಕೇಸ್ ಒರೆಸುತ್ತಿದ್ದೆ. ಹೊದಿಕೆ ಒಗೆಯಲು ಹಾಕಿದ್ದೆ. ಹ್ಯಾಂಡ್‌ಸೆಟ್ ಕೈಯಲ್ಲೇ ಇದ್ದಾಗ ಬಡಿದುಕೊಂಡಿತು. ತಟ್ಟನೆ ಗುಂಡಿ ಒತ್ತಿದೆ. ಸದ್ದು ಅಂದು ಎಂದಿಗಿಂತ ಹೆಚ್ಚು. ನಾನು 'ಹಲೋ' ಎಂದದ್ದೇ ತಡ, ಅವ್ವ ಶುರುಮಾಡಿದಳು.

"ಏನವಾ, ಆರಾಮಿದ್ದೀಯೇನು? ನನ್ನ ಮಗಳು ಇನ್ನೂ ಫೋನಿಗೆ ಬಂದಿಲ್ಲ ಹೌದಿಲ್ಲೋ? ಬರೂದರಾಗ ಒಂದು ಮಾತು ಹೇಳ್ತೀನಿ."

ಮೊದಲು ಎತ್ತುವವಳು ಆಕೆಯೇ ಎಂದು ಅವ್ವನಿಗೆ ಅಷ್ಟು ರೂಢಿಯಾಗಿತ್ತು. "ಅವ್ವಾ, ನಾನು" ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಆಕೆಗೆ ಹೇಳುವಂಥದ್ದು ಏನಿದೆ? ನನಗೆ ಹೇಳಬಾರದಂಥದ್ದು ಏನಿದೆ? ಮೂಗು ಸ್ವಲ್ಪ ಹಿಡಿದು, ದನಿ ಏರಿಸಿ, ನನಗೆ ಬರುವಷ್ಟು ಮೈಸೂರು ಕನ್ನಡದಲ್ಲಿ, "ಇಲ್ಲ ಅಮ್ಮ, ಅವ್ರು ಬಂದಿಲ್ಲ. ಹೇಳಿ" ಎಂದೆ. ಹುಟ್ಟಿದಾಗಿನಿಂದ ಅವ್ವನನ್ನು ಅಮ್ಮ ಎಂದು ಕರೆದವಳಲ್ಲ ನಾನು. ತಪ್ಪೆನಿಸಲಿಲ್ಲ, ಇವತ್ತಿಗೂ ಅನಿಸಿಲ್ಲ. ಅವ್ವ ನನ್ನವಳು.

ಆದರೆ ಅವ್ವ ಒಮ್ಮೆಲೇ ಹೇಳಲಿಲ್ಲ, ನಾನೇ ಏನಾದರೂ ಕೇಳಲೆಂದು ಕಾದಳು. ಏನು ಕೇಳಲಿ? "ಆರಾಮಾಗಿದ್ದೀರಾ?" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆಂದು ಗೊತ್ತಿತ್ತು. ಆಕೆ ಹೇಗೆ ಕೇಳುತ್ತಿದ್ದಳು? ನೆನಪಿಸಿಕೊಂಡೆ. "ಇವತ್ತು ಊಟಕ್ಕೇನು ಮಾಡಿದ್ರಿ ಅಮ್ಮ?"

"ಏನು ಮಾಡೂದವಾ, ರೊಟ್ಟಿ, ಮೆಂತ್ಯಾಪಲ್ಯ. ಒಂದು ರೊಟ್ಟಿ ಸುಟ್ಟು ಕರಕಾತು."

"ಯಾಕೆ ಸುಟ್ಟಿತು?"

"ಅದನ್ನ ಹೇಳಲಿಕ್ಕೆ ಬಂದೆ. ಕಣ್ಣು ಕಾಣವಲ್ದು ನೋಡು. ಬಲಗಣ್ಣಿಗೆ ಪೂರಾ ಮಂಜು. ಮಗನ ಮುಂದ ಹೇಳಿಲ್ಲ, ಪಾಪ, ಅವನೂ ಹೈರಾಣಾಗ್ಯಾನ. ನನ್ನ ಮಗಳ ಮುಂದಂತೂ ಹೇಳಬ್ಯಾಡ."

ಮೈಸೂರು ಕನ್ನಡ ಎಲ್ಲೋ ಜಾರಿತು, ಮತ್ತೆ ಹಿಡಿದುಕೊಂಡೆ. "ಮಗಳಿಗೆ ಯಾಕೆ ಹೇಳಬಾರದು ಅಮ್ಮ?"

"ಹೇಳಲಿಕ್ಕೆ ಎಡೆ ಎಲ್ಲೆ ಕೊಡ್ತಾಳ? ಬಂದ ಕೂಡಲೆ ಆರಾಮ ಇದ್ದೀ ಅಂತಾಳ. ಆರಾಮ ಅದೀನಿ ಅಂದ್ರ ಮುಗೀತು, ಮೀಟರ್ ಓಡ್ತದ, ಇಡಲಿ ಅಂತಾಳ. ನೀ ಆದ್ರ ರೊಟ್ಟಿ ಯಾಕ ಸುಟ್ಟಿತು ಅಂತ ಕೇಳ್ತೀ."

ಆ ಮೇಲೆ ಅವ್ವ ಬಹಳ ಹೊತ್ತು ಮಾತಾಡಿದಳು. ವೈನಿಯ ತವರಿನವರು ಬಂದದ್ದು, ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದ್ದು, ಅಪ್ಪ ಕನಸಿನಲ್ಲಿ ಬಂದು ಚಹಾ ಕೇಳಿದ್ದು. ಮದುವೆಯಾಗಿ ಬಂದ ಮೇಲೆ ನಾನು ಅವ್ವನ ಇಷ್ಟು ಮಾತು ಒಟ್ಟಿಗೆ ಕೇಳಿರಲಿಲ್ಲ. ಮೀಟರಿನ ನೆನಪೇ ಆಗಲಿಲ್ಲ. ನಾನೂ ನಕ್ಕೆ, ಅವ್ವನೂ ನಕ್ಕಳು. ಕೊನೆಗೆ "ಇಡ್ತೀನವಾ, ನನ್ನ ಮಗಳಿಗೆ ನಿಮ್ಮವ್ವ ಆರಾಮ ಇದ್ದಾಳ ಅಂತ ಹೇಳು" ಎಂದು ಇಟ್ಟಳು.

ಮರುದಿನವೇ ಅಣ್ಣನ ಆಫೀಸಿಗೆ ಫೋನ್ ಹಚ್ಚಿ, ಅವ್ವನ ಕಣ್ಣು ತೋರಿಸು ಎಂದು ಬೆನ್ನು ಹತ್ತಿದೆ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಕಣ್ಣು ಬಂತು. ಯಾರು ಹೇಳಿದರೆಂದು ಅಣ್ಣ ಕೇಳಿದ. ನಾನು ಬಾಯಿ ಬಿಡಲಿಲ್ಲ. ಆ ಭಾನುವಾರ ಎದುರುಮನೆಯಾಕೆ ಯಾಕೆ ಫೋನ್ ಎತ್ತಲಿಲ್ಲ ಎಂದು ನಾನು ಯೋಚಿಸಲೂ ಇಲ್ಲ. ನನ್ನಿಂದಾಗಿ ಅವ್ವನ ಕಣ್ಣು ಉಳಿಯಿತು, ಆಕೆಯಿಂದಲ್ಲ. ಆ ಸಂತೋಷದಲ್ಲಿ ಕಾರಿಡಾರಿನಲ್ಲಿ ಎದುರಾದಾಗ ಮೊದಲ ಸಲ ನಾನಾಗಿ ನಕ್ಕೆ.

ಅದಾದ ಮೇಲೆ ನಾನೂ ಅವ್ವನಿಗೆ ನನ್ನ ದನಿಯಲ್ಲೇ ಊಟದ ಮಾತು ಕೇಳಲು ಶುರುಮಾಡಿದೆ. ಮಾತು ಬಂತು, ಆದರೆ ಅಷ್ಟು ಬರಲಿಲ್ಲ. "ಯಾಕವಾ, ಇವತ್ತು ಮೀಟರ್ ಓಡವಲ್ದೇನು?" ಎಂದು ಅವ್ವ ಚೇಷ್ಟೆ ಮಾಡುವಳು. ಮೊದಲ 'ಹಲೋ'ದ ಜಾಗ ಎದುರುಮನೆಗೇ ಉಳಿಯಿತು.

ಎರಡು ಮಳೆಗಾಲ ಕಳೆದ ಮೇಲೆ ಅವ್ವ ಮಲಗಿದಲ್ಲೇ ಹೋದಳು. ಧಾರವಾಡದಲ್ಲಿ ಎಲ್ಲ ಮುಗಿಸಿಕೊಂಡು ನಾವು ಭಾಂಡುಪಿಗೆ ಮರಳಿದ ದಿನ ಆಕೆ ಬಂದಳು. ಒಂದು ಡಬ್ಬಿಯಲ್ಲಿ ಅನ್ನ, ಸಾರು. ಸೊಂಟದಲ್ಲಿ ಫೋನು ಇರಲಿಲ್ಲ. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅತ್ತಳು. ನನಗಿಂತ ಹೆಚ್ಚು ಅತ್ತಳು, ಅದಕ್ಕೂ ನನಗೆ ಸಿಟ್ಟು ಬಂತು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು.

"ಒಂದ್ಸಲ ನಾನು ಪುಣೆಗೆ ಅಕ್ಕನ ಮನೆಗೆ ಹೋಗಿದ್ದೆ. ಮುಂದಿನ ಭಾನುವಾರ ಅಮ್ಮ ನಂಗಂದ್ರು, ಹೋದ ವಾರ ನಿನ್ನ ಮುಂದೆ ಕಣ್ಣಿನ ವಿಷಯ ಹೇಳಿದ್ನಲ್ಲ, ಅಂತ. ಹೋದ ವಾರ ನಾನು ಇರ್ಲೇ ಇಲ್ವಲ್ಲ! ಆಗ ತಿಳೀತು, ನೀವೇ ಅಂತ."

ನನಗೆ ನೆಲ ಬಿರಿದರೆ ಸಾಕೆನಿಸಿತು. "ಅವ್ವಗ ಹೇಳಿದ್ರೇನು?"

"ಛೆ, ಯಾಕ್ ಹೇಳ್ಲಿ? ಹೌದು ಅಮ್ಮ, ಹೇಳಿದ್ರಿ ಅಂದೆ."

ಎರಡು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕಾರಿಡಾರಿನಲ್ಲಿ ದಿನಾ ನನ್ನ ಮುಖ ನೋಡಿ, ತಿಂಡಿಯಾಯಿತೇ ಎಂದು ಕೇಳಿದವಳು. ನನ್ನ ಕೈಲಾಗುತ್ತಿತ್ತೇ? ಇದರಲ್ಲೂ ಆಕೆಯದೇ ಮೇಲುಗೈ.

"ಇನ್ನೊಂದು ಹೇಳಿದ್ರು" ಎಂದಳು ಆಕೆ. ಅವ್ವನ ಮಾತನ್ನು ಅವ್ವನ ಧಾಟಿಯಲ್ಲೇ ಹೇಳಿದಳು. ಅಷ್ಟು ಭಾನುವಾರ ಕೇಳಿ ಕೇಳಿ ಕಲಿತಿದ್ದಳು, ಒಂದಕ್ಷರ ತಪ್ಪಲಿಲ್ಲ. "'ಹ್ವಾದ ವಾರ ಮನಸು ಭಾಳ ಹಗುರಾತು ನೋಡವಾ. ನಿನ್ನ ಜೋಡಿ ಮಾತಾಡಿಧಂಗ ಅನಸಲಿಲ್ಲ. ನನ್ನ ಮಗಳ ಜೋಡಿ ಮಾತಾಡಿಧಂಗ ಅನಸ್ತು.'"

ಅವ್ವನಿಗೆ ಗೊತ್ತಾಗಿತ್ತೇ, ಇಲ್ಲವೇ? ಕೇಳಲು ಅವ್ವ ಇಲ್ಲ, ಈಗ ಆಕೆಯೂ ಇಲ್ಲ. ನನಗೆ ಸಂಕಟವಾಗುವುದು ಬೇರೆಯದಕ್ಕೆ. ಅವ್ವ ನನ್ನ ಬಗ್ಗೆ ಆಡಿದ ಅಷ್ಟು ಒಳ್ಳೆಯ ಮಾತು ಅದೊಂದೇ, ಅದನ್ನೂ ಆಕೆಗೆ ಹೇಳಿದಳು.